ಹೊಗೆಸೊಪ್ಪನ್ನು ಬಿಡಲಾರದವನ ದೋಷವು ಎಷ್ಟು?

ಒಬ್ಬ ಮನುಷ್ಯನು ಹೊಗೆಸೊಪ್ಪು ತಿನ್ನುವದನ್ನು ಬಿಟ್ಟುಬಿಡುವೆನೆಂದು ನಾಲ್ಕು ಮಂದಿಯ ಮುಂದೆ ಮಾತು ಕೊಡುತ್ತಾನೆ. ಮೂರು ದಿವಸ ಬಿಟ್ಟೂ ಬಿಡುತ್ತಾನೆ. ನಾಲ್ಕನೆಯ ದಿವಸ ಹೊಲದ ಬದುವಿನ ಮರೆಯಲ್ಲಿ ಕೂತು, ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಿ, ಸೊಪ್ಪನ್ನು ದವಡೆಯಲ್ಲಿ ಇಟ್ಟುಕೊಳ್ಳುತ್ತಾನೆ. ಆ ಮೇಲೆ ಯಾರಾದರೂ ಕೇಳಿದರೆ ಇಲ್ಲವೆನ್ನುತ್ತಾನೆ. ಇವನಲ್ಲಿ ದೋಷವು ಯಾವದು? ಸೊಪ್ಪು ತಿಂದದ್ದೋ, ಕೊಟ್ಟ ಮಾತಿಗೆ ತಪ್ಪಿದ್ದೋ, ಇಲ್ಲವೆಂದು ಸುಳ್ಳಾಡಿದ್ದೋ? ನಮ್ಮ ಊರುಗಳಲ್ಲಿ ಈ ಮೂರನ್ನೂ ಒಂದೇ ಗಂಟಾಗಿ ಕಟ್ಟಿ ಅವನ ತಲೆಯ ಮೇಲೆ ಹೊರಿಸುವದು ವಾಡಿಕೆಯಾಗಿದೆ. ಆ ಗಂಟನ್ನು ಬಿಚ್ಚಿ ಒಂದೊಂದಾಗಿ ನೋಡುವದು ಒಳ್ಳೇದು. ಯಾಕಂದರೆ ಈ ವಿಚಾರದ ಮೇಲೆ ಕೆಲವರ ಪ್ರಾಣವೇ ನಿಂತಿರುತ್ತದೆ.

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ತೆಗೆದುಹಾಕೋಣ. ಇದು ಹಿರಿಯರ ಕಾಲದಿಂದ ಬಂದದ್ದು, ಅವರು ತಿಂದು ನೂರು ವರುಷ ಬಾಳಲಿಲ್ಲವೇ, ಎಂದು ಹೇಳುವವರುಂಟು. ಎಲೆ ಅಡಿಕೆಯ ಮಾತು ಬೇರೆ. ಅದು ನಿಶ್ಚಯವಾಗಿ ಹಳೇದು. ಹೊಗೆಸೊಪ್ಪಾದರೋ ಈ ದೇಶದ ಗಿಡವೇ ಅಲ್ಲ. ಅದು ಅಮೇರಿಕಾ ಖಂಡದಲ್ಲಿ ಹುಟ್ಟಿ ಪೋರ್ತುಗೀಸರ ಮೂಲಕ ಇಲ್ಲಿಗೆ ಬಂತು. ವಿಜಾಪುರಕ್ಕೆ ರಾಯಭಾರಿಯಾಗಿ ಹೋಗಿದ್ದ ಅಸದ್ ಬೇಗನು ಅದನ್ನು ಅಲ್ಲಿ ಕಂಡು, ೧೬೦೪ರ ಸುಮಾರಿಗೆ ಅಕ್ಬರ್ ಬಾದಶಹನ ಆಸ್ಥಾನಕ್ಕೆ ಒಯ್ದು ಒಪ್ಪಿಸಿದನು. ಬಾದಶಹನ ವೈದ್ಯನು ಬೇಡವೆಂದನು; ಆಸ್ಥಾನದ ದೊಡ್ಡವರು ರುಚಿ ನೋಡದೆ ಬಿಡಲಿಲ್ಲ. ೧೬೧೭ರಲ್ಲಿ ಜಹಾಂಗೀರನು ಹೊಗೆಸೊಪ್ಪಿನ ಸೇವನೆಯನ್ನು ನಿಷೇಧಿಸಿದನು, ಆದರೂ ಅದು ನಿಲ್ಲಲಿಲ್ಲ. ಬಾದಶಹನ ಅಪ್ಪಣೆಯಿಂದ ನಿಲ್ಲದ್ದು ಪಂಚರ ಗದರಿಕೆಯಿಂದ ನಿಂತೀತೆಂದು ನಂಬುವದು ಸ್ವಲ್ಪ ಹೆಚ್ಚಿನ ಮಾತೇ.

ಅದು ಯಾಕೆ ನಿಲ್ಲುವದಿಲ್ಲ? ಆ ಎಲೆಯಲ್ಲಿ ನಿಕೋಟಿನ್ ಎಂಬ ಒಂದು ಸತ್ವವದೆ. ಸುಣ್ಣವು ಬಾಯಿಯ ನೀರನ್ನು ಕ್ಷಾರವನ್ನಾಗಿ ಮಾಡುವದರಿಂದ ಆ ಸತ್ವವು ಗಲ್ಲದ ಒಳಪೊರೆಯನ್ನು ಬೇಗನೆ ದಾಟಿ ರಕ್ತದಲ್ಲಿ ಸೇರುತ್ತದೆ, ರಕ್ತದಿಂದ ಮಿದುಳಿಗೆ ಏರುತ್ತದೆ. ನಮ್ಮ ಅಜ್ಜಂದಿರಿಗೆ ರಸಾಯನ ಶಾಸ್ತ್ರವು ತಿಳಿದಿರಲಿಲ್ಲ. ಆದರೂ ಸುಣ್ಣದ ಡಬ್ಬಿಯನ್ನು ಮಾತ್ರ ಅವರು ಎಂದೂ ಮರೆಯಲಿಲ್ಲ! ಮಿದುಳಿನಲ್ಲಿ ಈ ಸತ್ವವನ್ನು ಹಿಡಿದುಕೊಳ್ಳುವ ಸ್ಥಾನಗಳುಂಟು. ದಿನಾಲು ತಿನ್ನುವವನಲ್ಲಿ ಆ ಸ್ಥಾನಗಳು ಹೆಚ್ಚುತ್ತಾ ಹೋಗುತ್ತವೆ, ಮತ್ತು ಹೆಚ್ಚಿದ ಬಾಯಿಗಳು ಹೆಚ್ಚಿನ ಆಹಾರವನ್ನು ಕೇಳುತ್ತವೆ. ಕೊಡದೆ ಹೋದರೆ ಸಿಡುಕು ಬರುತ್ತದೆ, ನಿದ್ರೆ ಹತ್ತುವದಿಲ್ಲ, ಕೆಲಸದಲ್ಲಿ ಮನಸ್ಸು ನಿಲ್ಲುವದಿಲ್ಲ. ಹೆಂಡತಿಯ ಮೇಲೆ ಕಾರಣವಿಲ್ಲದೆ ಕೂಗಾಡಿ, ಆ ಮೇಲೆ ತಾನೇ ನಾಚಿಕೊಳ್ಳುವವನನ್ನು ನೀವು ನೋಡಿರಬಹುದು. ಇವೆಲ್ಲಾ ಕೆಟ್ಟ ಸ್ವಭಾವದ ಫಲಗಳಲ್ಲ. ಶರೀರವು ತನ್ನ ಸಾಲವನ್ನು ಕೇಳುವ ರೀತಿಯೇ ಹೀಗೆ.

ಹಾನಿಯ ವಿಷಯದಲ್ಲಿ ಸಂಶಯಕ್ಕೆ ಎಡೆಯಿಲ್ಲ. ಲೋಕದ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು ಹೊಗೆಸೊಪ್ಪು ಬೆರೆಸಿದ ತಾಂಬೂಲವು ಮನುಷ್ಯರಿಗೆ ಕ್ಯಾನ್ಸರನ್ನು ಉಂಟುಮಾಡುವದೆಂದು ೧೯೮೫ರಲ್ಲಿಯೇ ತೀರ್ಮಾನಿಸಿತು. ಬರೀ ಅಡಿಕೆಯೂ ಹಾಗೆಯೇ ಎಂದು ೨೦೦೪ರಲ್ಲಿ ಪ್ರಕಟಿಸಿತು. ನಮ್ಮ ದೇಶದ ಗಂಡಸರಲ್ಲಿ ಬಾಯಿಯ ಕ್ಯಾನ್ಸರು ಎಲ್ಲಾ ಕ್ಯಾನ್ಸರುಗಳಿಗಿಂತ ಹೆಚ್ಚಾಗಿ ಕಾಣಬರುತ್ತದೆ. ಮೊದಲು ಸೊಪ್ಪನ್ನು ಇಟ್ಟುಕೊಳ್ಳುವ ಕಡೆಯಲ್ಲಿ ಒಂದು ಬಿಳೀ ಮಚ್ಚೆ. ಅದು ನೋಯುವದಿಲ್ಲ, ಆದದರಿಂದ ಯಾರೂ ಅದನ್ನು ಲಕ್ಷಿಸುವದಿಲ್ಲ. ಅಡಿಕೆಯನ್ನೂ ಗುಟ್ಕಾವನ್ನೂ ತಿನ್ನುವವರಲ್ಲಿ ಗಲ್ಲದ ಒಳಗಣ ಚರ್ಮವು ತೊಗಲಿನ ಪಟ್ಟಿಯ ಹಾಗೆ ಬಿಗಿಯುತ್ತಾ ಬಂದು, ಕಡೆಗೆ ಎರಡು ಬೆರಳೂ ಹಿಡಿಯದಷ್ಟು ಬಾಯಿ ಕಿರಿದಾಗುತ್ತದೆ. ಅಂಥವನು ರೊಟ್ಟಿಯ ತುತ್ತನ್ನು ಒಳಗೆ ತಳ್ಳಲು ಪಡುವ ಪಾಡನ್ನು ಒಮ್ಮೆ ನೋಡಿದವನು ಮರೆಯಲಾರನು. ಬಸುರಿಯು ತಿಂದರೆ ಕೂಸು ತೂಕ ಕಡಿಮೆಯಾಗಿ ಹುಟ್ಟುವದೂ, ಸತ್ತು ಹುಟ್ಟುವದೂ ಹೆಚ್ಚುತ್ತದೆ. ಹಲ್ಲುನೋವಿಗೆ ಸೊಪ್ಪು ಮದ್ದೆಂಬದು ಬರೀ ಸುಳ್ಳು. ಅದು ನೋವನ್ನು ಮಂಕಾಗಿಸುತ್ತದೆ, ಹಲ್ಲಾದರೋ ಕೊಳೆಯುತ್ತಲೇ ಇರುತ್ತದೆ.

ಇಷ್ಟು ತಿಳಿದ ಮೇಲೆ ನಮ್ಮ ಪ್ರಶ್ನೆಗೆ ಬರೋಣ. ಇಲ್ಲಿ ಎರಡು ಪಕ್ಷದವರಿದ್ದಾರೆ. ಒಂದು ಪಕ್ಷದವರು ಹೇಳುವದೇನಂದರೆ, ಮನಸ್ಸಿದ್ದರೆ ಬಿಡಬಹುದು, ಬಿಡದವನಿಗೆ ಮನಸ್ಸಿಲ್ಲ, ಮನಸ್ಸಿಲ್ಲದವನು ದೋಷಿಯೇ. ಇನ್ನೊಂದು ಪಕ್ಷದವರು, ಇದು ರೋಗ, ರೋಗಿಗೆ ದೋಷವೆಲ್ಲಿಯದು, ಎನ್ನುತ್ತಾರೆ. ಮೊದಲನೆಯವರು ಶರೀರವನ್ನು ಮರೆತರು. ಎರಡನೆಯವರು ಮನುಷ್ಯನನ್ನೇ ಮರೆತರು. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ೭ನೆಯ ಅಧ್ಯಾಯವನ್ನು ಓದಿದವರು, ಬಯಸುವದು ಒಂದು ಮಾಡುವದು ಇನ್ನೊಂದು ಎಂಬ ಈ ಹೋರಾಟವನ್ನು ಸುಲಭದ ಮಾತಿನಿಂದ ತೀರಿಸಲು ಹೋಗುವದಿಲ್ಲ.

ನನಗೆ ತೋರುವದೇನಂದರೆ, ಮನುಷ್ಯನ ಸ್ವಾತಂತ್ರ್ಯವು ಎಲ್ಲಾ ಗಳಿಗೆಗಳಲ್ಲಿ ಒಂದೇ ಅಳತೆಯಾಗಿರುವದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ರಾತ್ರಿಯೆಲ್ಲಾ ಸತ್ವವಿಲ್ಲದೆ ಬರಿದಾದ ಶರೀರವು ಸೊಪ್ಪಿಗಾಗಿ ಕೂಗುವಾಗ, ಅವನ ಕಿಸೆಯಲ್ಲಿ ಚೀಲವೂ ಇದ್ದರೆ, ಆ ಗಳಿಗೆಯಲ್ಲಿ ಅವನು ಬಹಳ ಸ್ವಲ್ಪವೇ ಸ್ವತಂತ್ರನು. ಆದರೆ ಹಿಂದಣ ಸಂಜೆ, ತಿಂದು ಮುಗಿಸಿ ಆಶೆಯು ತಣಿದಿದ್ದಾಗ, ಅದೇ ಚೀಲವನ್ನು ಒಲೆಗೆ ಹಾಕುವದೋ ನಾಳೆಗೆಂದು ತಲೆದಿಂಬಿನ ಕೆಳಗೆ ಇಡುವದೋ ಎಂದು ಯೋಚಿಸುವವನು ಬೇರೆ ಮನುಷ್ಯನು. ಅವನ ಕೈ ನಡುಗುವದಿಲ್ಲ, ಬುದ್ಧಿ ತಿಳಿಯಾಗಿರುತ್ತದೆ. ಲೆಕ್ಕ ಕೇಳುವದಾದರೆ ಈ ಸಂಜೆಯವನನ್ನು ಕೇಳಬೇಕು. ಅಂಗಡಿಯ ದಾರಿಯಿಂದ ಹೋಗುವದೋ ಕೆರೆಯ ದಾರಿಯಿಂದ ಹೋಗುವದೋ, ಸೊಪ್ಪು ತಿನ್ನುವ ಗೆಳೆಯರ ಕಟ್ಟೆಯ ಮೇಲೆ ಕೂಡುವದೋ ಬೇಡವೋ, ಮನೆಯವಳಿಗೆ ನಿಜವನ್ನು ಹೇಳುವದೋ ಬಚ್ಚಿಡುವದೋ, ಇವೆಲ್ಲಾ ಅವನ ಸ್ವಾಧೀನದಲ್ಲಿಯೇ ಇರುವ ಸಂಗತಿಗಳು. ದವಡೆಯಲ್ಲಿ ಸೊಪ್ಪು ಇಟ್ಟುಕೊಂಡ ಗಳಿಗೆಯನ್ನು ಹಿಡಿದು ಅವನನ್ನು ಹಳಿಯುವವರು, ಹೊಳೆಯಲ್ಲಿ ಬಿದ್ದು ಕೊಚ್ಚಿಕೊಂಡು ಹೋಗುವವನಿಗೆ ಈಜು ಯಾಕೆ ಕಲಿಯಲಿಲ್ಲವೆಂದು ದಡದಿಂದ ಕೇಳುವವರಿಗೆ ಸಮಾನರು.

ಆಣೆಯ ವಿಷಯದಲ್ಲಿ ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ: ನಾಲ್ಕು ಮಂದಿಯ ಮುಂದೆ ಇನ್ನೆಂದಿಗೂ ತಿನ್ನುವದಿಲ್ಲವೆಂದು ಆಣೆ ಮಾಡಿಸುವದು ಒಳ್ಳೇ ಪದ್ಧತಿಯಲ್ಲ. ಈ ಚಟವನ್ನು ಬಿಟ್ಟವರಲ್ಲಿ ಹೆಚ್ಚಿನವರು ಒಂದೇ ಸಾರಿಗೆ ಬಿಟ್ಟವರಲ್ಲ. ಬಿಟ್ಟು, ಬಿದ್ದು, ಮತ್ತೆ ಬಿಟ್ಟವರು. ಹಾಗಿರಲಾಗಿ ಮೊದಲನೆಯ ಬೀಳುವಿಕೆಯನ್ನೇ ಮಾತು ತಪ್ಪಿದ ಅಪರಾಧವಾಗಿ ಮಾಡಿಟ್ಟರೆ, ಅವನಿಗೆ ಉಳಿಯುವ ದಾರಿ ಯಾವದು? ಒಂದು, ನಾನು ಹಾಳಾದವನೆಂದು ಎಲ್ಲವನ್ನೂ ಕೈಬಿಡುವದು; ಇನ್ನೊಂದು, ಮರೆಯಲ್ಲಿ ತಿಂದು ಇಲ್ಲವೆನ್ನುವದು. ಎರಡನೆಯದೇ ಹೆಚ್ಚಾಗಿ ನಡೆಯುತ್ತದೆ. ಮತ್ತು ಬಚ್ಚಿಟ್ಟು ತಿನ್ನುವವನು ಬಾಯಿಯನ್ನೂ ಬಚ್ಚಿಡುತ್ತಾನೆ. ಬಿಳೀ ಮಚ್ಚೆಯನ್ನು ತೋರಿಸಿದರೆ ಗುಟ್ಟು ರಟ್ಟಾಗುವದೆಂದು ತೋರಿಸುವದಿಲ್ಲ. ಮಚ್ಚೆ ಹುಣ್ಣಾಗುತ್ತದೆ, ಹುಣ್ಣು ಗಂಟಾಗುತ್ತದೆ, ಗಂಟು ಕತ್ತಿಗೆ ಇಳಿಯುತ್ತದೆ. ಆಗ ವೈದ್ಯನ ಬಳಿಗೆ ಬರುತ್ತಾನೆ. ಬೇಗ ಬಂದಿದ್ದರೆ ಗುಣವಾಗುವ ಆಶೆ ಎಷ್ಟೋ ಹೆಚ್ಚಾಗಿತ್ತು. ಇಲ್ಲಿ ಅವನನ್ನು ಕೊಂದದ್ದು ಸೊಪ್ಪೊಂದೇ ಅಲ್ಲ, ನಾಚಿಕೆಯೂ ಕೂಡಿ ಕೊಂದಿತು. ಆ ನಾಚಿಕೆಯನ್ನು ಕೊಟ್ಟವರು ಯಾರೆಂಬದನ್ನು ನಾವು ವಿಚಾರಿಸಿಕೊಳ್ಳಬೇಕು. ಸುಳ್ಳು ಹೇಳಿದವನದು ತಪ್ಪೇ. ಆದರೆ ನಿಜ ಹೇಳಿದವನನ್ನು ಕಟ್ಟೆಯ ಮೇಲೆ ನಗೆಗೀಡುಮಾಡುವ ಊರಿನಲ್ಲಿ ಆ ತಪ್ಪು ಅವನೊಬ್ಬನದಲ್ಲ.

ಹಾಗಾದರೆ ಬುದ್ಧಿಹೇಳುವದೇ ಬೇಡವೋ? ಬೇಕು, ಮತ್ತು ಅದು ವ್ಯರ್ಥವಲ್ಲ. ಎರ್ನಾಕುಲಂ, ಭಾವನಗರ, ಶ್ರೀಕಾಕುಳಂ ಜಿಲ್ಲೆಗಳ ಹಳ್ಳಿಗಳಲ್ಲಿ ಹೊಗೆಸೊಪ್ಪು ಸೇವಿಸುವ ೩೬,೦೦೦ ಜನರ ಬಾಯಿಗಳನ್ನು ವರುಷ ವರುಷವೂ ಪರೀಕ್ಷಿಸಿ, ಮನೆಮನೆಗೆ ತಿಳುವಳಿಕೆ ಕೊಟ್ಟ ಒಂದು ಕಾರ್ಯದ ವರದಿಯು ೧೯೮೬ರಲ್ಲಿ ಪ್ರಕಟವಾಯಿತು. ಬಿಟ್ಟವರು ಹೆಚ್ಚಿನ ಪಾಲಲ್ಲವಾದರೂ, ಹಾಗೆ ತಿಳುವಳಿಕೆ ಹೊಂದಿದವರಲ್ಲಿ ಬಿಟ್ಟವರ ಸಂಖ್ಯೆಯು ಹೊಂದದವರಿಗಿಂತ ಹೆಚ್ಚಾಯಿತು, ಬಿಳೀ ಮಚ್ಚೆಗಳು ಹುಟ್ಟುವದು ಕಡಿಮೆಯಾಯಿತು. ಅಲ್ಲಿ ಯಾರನ್ನೂ ಪಂಚಾಯತಿಗೆ ಎಳೆಯಲಿಲ್ಲ. ಬಾಯಿ ತೆರೆಯಿರಿ ಎಂದು ಕೇಳಿ, ಕಂಡದ್ದನ್ನು ತಿಳಿಸಿ, ಮುಂದಿನ ವರುಷ ಮತ್ತೆ ಬಂದರು.

ಕೂಲಿ ಹೆಂಗಸರ ಮಾತನ್ನು ಬೇರೆಯಾಗಿ ಹೇಳಬೇಕು. ೨೦೧೬-೧೭ರ ಸಮೀಕ್ಷೆಯಂತೆ ಭಾರತದಲ್ಲಿ ವಯಸ್ಸಿಗೆ ಬಂದ ನೂರು ಮಂದಿಯಲ್ಲಿ ೨೧ ಮಂದಿಗಿಂತ ಹೆಚ್ಚು ಜನರು ಹೊಗೆಯಿಲ್ಲದ ಹೊಗೆಸೊಪ್ಪನ್ನು ಸೇವಿಸುವವರು. ಹೆಂಗಸರನ್ನೇ ಎಣಿಸಿದರೆ ನೂರಕ್ಕೆ ಸುಮಾರು ೧೩. ಕಳೆ ತೆಗೆಯುವವಳು ಸೆರಗಿನ ತುದಿಯಲ್ಲಿ ಸೊಪ್ಪಿನ ಚೂರನ್ನು ಗಂಟುಹಾಕಿಕೊಂಡಿರುವದು ಯಾಕೆ? ಅದು ಹಸಿವನ್ನು ಅಡಗಿಸುತ್ತದೆ. ಒಂದು ಚಿಟಿಕೆ ದವಡೆಯಲ್ಲಿದ್ದರೆ ಮಧ್ಯಾಹ್ನದ ವರೆಗೆ ಬೆನ್ನು ಬಗ್ಗಿಸಬಹುದು, ಮನೆಯಲ್ಲಿರುವ ಒಂದು ರೊಟ್ಟಿಯು ಮಗುವಿಗೆ ಉಳಿಯುತ್ತದೆ. ಅವಳಿಗೆ ಬಿಡೆಂದು ಹೇಳುವ ಹೊಲದ ಯಜಮಾನನು ಹತ್ತು ಗಂಟೆಗೆ ಗಂಜಿಯನ್ನೋ ರೊಟ್ಟಿಯನ್ನೋ ಕೊಡದೆ ಬರೀ ಬುದ್ಧಿಯನ್ನು ಕೊಟ್ಟರೆ, ಅವನ ಮಾತಿಗೆ ತೂಕವಿಲ್ಲ.

ಮಾರುವವರ ಉಪಾಯಕ್ಕೆ ಮಾತ್ರ ಕೊನೆಯಿಲ್ಲ. ಕರ್ನಾಟಕ ಸರಕಾರವು ೨೦೧೩ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಕೂಡಲೇ ಅಡಿಕೆಯ ಮಸಾಲೆ ಒಂದು ಚೀಟಿಯಲ್ಲಿ, ಹೊಗೆಸೊಪ್ಪು ಇನ್ನೊಂದು ಚೀಟಿಯಲ್ಲಿ ಬಂದವು, ಕೊಂಡವನು ಅಂಗಡಿಯ ಮುಂದೆಯೇ ಎರಡನ್ನೂ ಬೆರೆಸಿಕೊಂಡನು. ಆದರೆ ಮಾರುವವನನ್ನು ಬೈಯುವ ತಂದೆಯೇ ಎಂಟು ವರುಷದ ಮಗನ ಕೈಯಲ್ಲಿ ಕಾಸು ಕೊಟ್ಟು ಕಡ್ಡಿಪುಡಿ ತಾ ಎಂದು ಕಳುಹಿಸುತ್ತಾನಲ್ಲಾ! ಹದಿನೆಂಟು ವರುಷ ತುಂಬದವರಿಗೆ ಹೊಗೆಸೊಪ್ಪನ್ನು ಮಾರುವದು ೨೦೦೩ರ ಕಾನೂನಿನಂತೆ ಅಪರಾಧ. ಇಲ್ಲಿ ಶರೀರದ ಬಂಧನವೆಂಬ ನೆಪವು ಸ್ವಲ್ಪವೂ ನಡೆಯದು. ತಾನು ಬಿಡಲಾರದವನಾದರೂ ಮಗನನ್ನು ಅಂಗಡಿಗೆ ಕಳುಹಿಸದೆ ಇರುವದು ಯಾವನಿಗಾದರೂ ಸಾಧ್ಯ.

ಇನ್ನೊಂದು ಸಂಶಯವನ್ನು ಕೆಲವರು ಕೇಳುತ್ತಾರೆ. ಔಷಧದ ಅಂಗಡಿಯಲ್ಲಿ ನಿಕೋಟಿನ್ ಗಮ್ ಸಿಕ್ಕುತ್ತದೆ, ಅದನ್ನು ಅಗಿದು ಸೊಪ್ಪನ್ನು ಬಿಟ್ಟರೆ ಅದು ನಿಜವಾಗಿ ಬಿಟ್ಟಂತಾಯಿತೋ, ಕಳ್ಳನನ್ನು ಹೊರಡಿಸಿ ಅವನ ತಮ್ಮನನ್ನು ಮನೆಗೆ ಸೇರಿಸಿಕೊಂಡಂತಾಯಿತೋ? ಕಾಲು ಮುರಿದವನು ಕೋಲು ಹಿಡಿದು ನಡೆದರೆ ಅವನು ನಡೆಯಲಿಲ್ಲವೆಂದು ಯಾರೂ ಹೇಳುವದಿಲ್ಲ. ಕ್ಯಾನ್ಸರನ್ನು ಉಂಟುಮಾಡುವ ವಿಷಗಳು ಇರುವದು ಎಲೆಯಲ್ಲಿ. ಗಮ್ ಕೊಡುವದು ಅಳತೆಮಾಡಿದ ಸತ್ವವನ್ನು ಮಾತ್ರ, ಅದನ್ನೂ ವಾರ ವಾರಕ್ಕೆ ಕಡಿಮೆ ಮಾಡುತ್ತಾ ಬಂದು ನಿಲ್ಲಿಸಬೇಕು. ವೈದ್ಯನನ್ನು ಕೇಳಿ ಅದನ್ನು ತಕ್ಕೊಳ್ಳುವದರಲ್ಲಿ ನಾಚಿಕೆಗೆ ಕಾರಣವಿಲ್ಲ. ಸೊಪ್ಪನ್ನು ಬಿಟ್ಟು ಬರೀ ಅಡಿಕೆಯನ್ನು ಹಿಡಿಯುವವನಾದರೋ ಒಂದು ಹಾವಿನ ಹುತ್ತದಿಂದ ಕೈ ತೆಗೆದು ಇನ್ನೊಂದರಲ್ಲಿ ಇಟ್ಟವನು. ಆದದರಿಂದ ಎರಡನ್ನೂ ಕೂಡ ಬಿಡಬೇಕು.

ಬಿಡುವವನು ತಿಳಿದಿರಬೇಕಾದ ಸಂಗತಿಗಳು ಸ್ವಲ್ಪವೇ. ಮೊದಲನೆಯ ವಾರವು ಎಲ್ಲಕ್ಕಿಂತ ಕಠಿಣ. ಮೂರು ನಾಲ್ಕು ವಾರಗಳಲ್ಲಿ ಶರೀರದ ಕಾಟವು ಬಹಳ ಮಟ್ಟಿಗೆ ಇಳಿಯುತ್ತದೆ. ಒಮ್ಮೊಮ್ಮೆ ಏಳುವ ಆಶೆಯು ಗಾಳಿಯ ಹಾಗೆ ಕೆಲವು ನಿಮಿಷಗಳಲ್ಲಿ ಹಾದುಹೋಗುತ್ತದೆ. ಅಷ್ಟು ಹೊತ್ತು ನೀರು ಕುಡಿದೋ, ಹುರಿಗಡಲೆ ಅಗಿದೋ, ಎದ್ದು ನಡೆದೋ ಕಳೆಯಬೇಕು. ಬಿಡುವ ದಿವಸವನ್ನು ಹೆಂಡತಿಗೂ ಒಬ್ಬ ನಂಬಿಕೆಯ ಗೆಳೆಯನಿಗೂ ಮುಂಚೆಯೇ ಹೇಳಿರಬೇಕು, ಅವರಿಂದ ಒಂದೇ ಮಾತನ್ನು ಕೇಳಿಕೊಳ್ಳಬೇಕು: ನಾನು ಬಿದ್ದೆನೆಂದು ಹೇಳಿದ ದಿವಸ ಕೋಪಿಸಿಕೊಳ್ಳಬೇಡಿರಿ. ಯಾರಿಗೂ ಹೇಳಲಾರದವನಿಗೆ ಸರಕಾರದವರು ಇಟ್ಟ ಒಂದು ಟೆಲಿಫೋನು ಸಂಖ್ಯೆಯುಂಟು, ೧೮೦೦-೧೧-೨೩೫೬. ಕರೆಗೆ ಹಣವಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಮತ್ತು ಬಿಟ್ಟವನೂ ಬಿಡಲಾರದವನೂ ತಿಂಗಳಿಗೊಮ್ಮೆ ಬೆಳಕಿನಲ್ಲಿ ಕನ್ನಡಿ ಹಿಡಿದು ಗಲ್ಲದ ಒಳಭಾಗವನ್ನೂ ನಾಲಿಗೆಯ ಅಂಚನ್ನೂ ಕೆಳತುಟಿಯ ಒಳಗನ್ನೂ ನೋಡಿಕೊಳ್ಳಲಿ. ಬಿಳಿದೋ ಕೆಂಪೋ ಆದ ಮಚ್ಚೆ ಕಂಡರೂ, ಎರಡು ವಾರಕ್ಕೆ ಮಾಯದ ಹುಣ್ಣು ಇದ್ದರೂ, ಆಸ್ಪತ್ರೆಗೆ ಹೋಗಿ ಬಾಯಿ ತೆರೆದು ತೋರಿಸಲಿ. ಇನ್ನೂ ತಿನ್ನುತ್ತೀಯೋ ಎಂದು ವೈದ್ಯನು ಕೇಳಿದರೆ ಹೌದೆನ್ನಲಿ.