ಇಂದಿನ ಧಮ್ಮ ಚಿಂತನೆ: ಮುಪ್ಪು ಮತ್ತು ಎರಡನೆಯ ಬಾಣ





ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಸಂಯುತ್ತ ನಿಕಾಯದ ಜರಾ ಸುತ್ತವನ್ನು ಓದುವ ಸರದಿ ನನ್ನದಾಗಿತ್ತು. ಶ್ರಾವಸ್ತಿಯ ಪೂರ್ವಾರಾಮ, ಸಂಜೆಯ ಹೊತ್ತು. ವಯಸ್ಸಾದ ಭಗವಾನರು ಇಳಿಬಿಸಿಲಿಗೆ ಬೆನ್ನು ಕಾಯಿಸುತ್ತಾ ಕುಳಿತಿದ್ದಾರೆ. ಆನಂದರು ಅವರ ಕೈಕಾಲು ನೀವುತ್ತಿದ್ದಾರೆ. ಚರ್ಮದಲ್ಲಿ ಮೊದಲಿನ ಕಾಂತಿಯಿಲ್ಲ, ಮೈ ಸುಕ್ಕುಗಟ್ಟಿದೆ, ದೇಹ ಮುಂದಕ್ಕೆ ಬಾಗಿದೆ ಎಂದು ಕಂಡದ್ದನ್ನು ಕಂಡಂತೆ ಹೇಳುತ್ತಾರೆ. ಭಗವಾನರು ಬೇಸರಪಡುವುದಿಲ್ಲ, ಮರೆಮಾಚುವುದೂ ಇಲ್ಲ. ಮುಪ್ಪು ಹೊರಗಿನಿಂದ ಬರುವುದಲ್ಲ, ಯೌವನದೊಳಗೇ ಇರುತ್ತದೆ ಎಂದು ತಿಳಿಸುತ್ತಾರೆ.

ಈ ಸುತ್ತವನ್ನು ಹಿಂದೆಯೂ ಓದಿದ್ದೆ. ಈ ಸಲ ನನ್ನ ಮನಸ್ಸು ನಿಂತದ್ದು ಆನಂದರ ಕೈಯ ಮೇಲೆ. ಅವರು ಮುಪ್ಪನ್ನು ಕಂಡರು, ಬಾಯಿಬಿಟ್ಟು ಹೇಳಿದರು, ಸೇವೆಯನ್ನೂ ಮಾಡಿದರು. ಆದರೆ ವಯಸ್ಸಾಯಿತೆಂದು ಗುರುವನ್ನು ಒಂದು ಮೂಲೆಯಲ್ಲಿ ಕೂರಿಸಲಿಲ್ಲ. ತಮ್ಮ ಕೊನೆಯ ದಿನಗಳಲ್ಲಿ, ಎಂಬತ್ತರ ವಯಸ್ಸಿನಲ್ಲಿ, ತಥಾಗತರು ರಾಜಗೃಹದಿಂದ ಕುಶಿನಾರದವರೆಗೆ ನಡೆದೇ ಹೋದರು. ಆನಂದರು ಜೊತೆಗೆ ನಡೆದರು.

ನಾನು ಹಾಗೆ ಮಾಡಲಿಲ್ಲ. ಇಂದು ಅದನ್ನೇ ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದಿದ್ದೇನೆ.

ನನ್ನ ಅವ್ವನಿಗೆ ಈಗ 77. ನಾಟಿ, ಕಳೆ, ಕುಯ್ಲು ಎಂದು ಬದುಕಿಡೀ ಗದ್ದೆಯಲ್ಲಿ ದುಡಿದ ಜೀವ. ಎರಡು ವರ್ಷದ ಹಿಂದೆ ಊರಿನಿಂದ ಮೈಸೂರಿನ ನಮ್ಮ ಮನೆಗೆ ಕರೆತಂದೆ. ಅವ್ವ ಪಾತ್ರೆ ತೊಳೆಯಲು ಹೋದರೆ, "ಬಿಡವ್ವ, ಈ ವಯಸ್ಸಲ್ಲಿ ನಿನಗ್ಯಾಕೆ" ಅನ್ನುತ್ತಿದ್ದೆ. ನೀರಿಗೆಂದು ಎದ್ದರೆ, "ಕೂತ್ಕೊಳವ್ವ, ನಾನ್ ತರ್ತೀನಿ" ಅನ್ನುತ್ತಿದ್ದೆ. ಅದೇ ಮಾತೃಸೇವೆ ಎಂದುಕೊಂಡಿದ್ದೆ. ಒಂದು ದಿನ ಅವ್ವ, "ನಾನೇನು ಮೂಲೇಲಿ ನಿಲ್ಸೋ ಒನಕೆನಾ ಮಗ?" ಅಂದಳು. ನಾನು ನಕ್ಕು ಸುಮ್ಮನಾದೆ.

ವರ್ಷ ತುಂಬುವುದರೊಳಗೆ ಅವ್ವನಿಗೆ ಕುರ್ಚಿಯಿಂದ ಏಳಲು ನನ್ನ ಕೈ ಬೇಕಾಯಿತು. ಒಂದು ರಾತ್ರಿ ನನ್ನನ್ನು ಎಬ್ಬಿಸಬಾರದೆಂದು ಒಬ್ಬಳೇ ಬಚ್ಚಲಿಗೆ ಹೋಗಿ ಬಿದ್ದಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಪರೀಕ್ಷಿಸಿದ ಫಿಸಿಯೋಥೆರಪಿಸ್ಟ್ ನನ್ನ ಕಡೆ ತಿರುಗಿ, "ಇವರು ದಿನಕ್ಕೆ ಎಷ್ಟು ಸಲ ಎದ್ದು ಓಡಾಡ್ತಾರೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ನಾನು ಮುಪ್ಪಿನ ಬಗ್ಗೆ ವಿಜ್ಞಾನಿಗಳು ಏನು ಕಂಡುಕೊಂಡಿದ್ದಾರೆ ಎಂದು ಓದತೊಡಗಿದೆ. ಓದುತ್ತಾ ಹೋದಂತೆ ಭಗವಾನರ ಎರಡು ಬಾಣಗಳ ಉಪಮೆ ನೆನಪಾಗುತ್ತಲೇ ಇತ್ತು. ಮೈಗೆ ನಾಟುವ ಮೊದಲ ಬಾಣದ ನೋವು ಯಾರಿಗೂ ತಪ್ಪಿದ್ದಲ್ಲ. ಎರಡನೆಯದು ನಮ್ಮ ತಿಳಿಗೇಡಿತನದಿಂದ ಬರುವುದು.

ಮೊದಲ ಬಾಣ ನಿಜವಾದ ಮುಪ್ಪು. 1961ರಲ್ಲಿ ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಎಂಬ ವಿಜ್ಞಾನಿಗಳು ಒಂದು ಸಂಗತಿ ತೋರಿಸಿದರು. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಸಾಮಾನ್ಯ ಜೀವಕೋಶಗಳು ಸುಮಾರು 50 ಸಲ ವಿಭಜನೆಯಾಗಿ ನಿಂತುಬಿಡುತ್ತವೆ. ಅವುಗಳ ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ರಕ್ಷಣೆಯಿದೆ. ಸೀರೆಯ ಸೆರಗಿನ ನೂಲು ಬಿಚ್ಚಿಕೊಳ್ಳದಂತೆ ಕುಚ್ಚು ಕಟ್ಟುತ್ತೇವಲ್ಲ, ಹಾಗೆ. ಕೋಶ ವಿಭಜನೆಯಾದಂತೆಲ್ಲ ಈ ಕುಚ್ಚು ಸವೆಯುತ್ತದೆ. ಇದರ ಅಧ್ಯಯನಕ್ಕೆ 2009ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಪ್ರಶಸ್ತಿ ಬಂತು. ಸ್ನಾಯುಗಳೂ ಹಾಗೆಯೇ, ಮೂವತ್ತು ದಾಟಿದ ಮೇಲೆ ನಿಧಾನವಾಗಿ ಕರಗುತ್ತಾ ಬರುತ್ತವೆ.

ಬುದ್ಧರಿಗೆ ಟೆಲೊಮಿಯರ್ ಆಗಲೇ ಗೊತ್ತಿತ್ತು ಎಂದು ನಾವು ಹೇಳುವುದು ಬೇಡ. ಅದರಿಂದ ಧಮ್ಮಕ್ಕೂ ಗೌರವವಿಲ್ಲ, ವಿಜ್ಞಾನಕ್ಕೂ ಇಲ್ಲ. ಅವರು ಕಂಡದ್ದು ತಮ್ಮದೇ ಕೈಕಾಲುಗಳನ್ನು. ಬದಲಾವಣೆ ಕ್ಷಣಕ್ಷಣವೂ ನಡೆಯುತ್ತಿದೆ, ಅದು ಅರವತ್ತನೆಯ ಹುಟ್ಟುಹಬ್ಬಕ್ಕೆ ಕಾಯುವುದಿಲ್ಲ ಎಂಬ ಅರಿವು ಅವರಿಗಿತ್ತು. ಅನಿಚ್ಚ ಎಂದರೆ ಅದೇ.

ಇನ್ನು ಎರಡನೆಯ ಬಾಣ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಆರೋಗ್ಯವಂತ ಯುವಕರು ಮೂರು ವಾರ ಹಾಸಿಗೆಯಲ್ಲೇ ಇರುವಂತೆ ಮಾಡಿ, ಅವರ ದೇಹಶಕ್ತಿಯನ್ನು ಅಳೆದರು. 30 ವರ್ಷದ ಬಳಿಕ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. 30 ವರ್ಷದ ವಯಸ್ಸು ಕುಗ್ಗಿಸಿದ್ದಕ್ಕಿಂತ ಆ ಮೂರು ವಾರದ ಹಾಸಿಗೆಯೇ ಅವರ ದುಡಿಯುವ ಸಾಮರ್ಥ್ಯವನ್ನು ಹೆಚ್ಚು ಕುಗ್ಗಿಸಿತ್ತು! ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಅವ್ವನ ಕುರ್ಚಿಯ ಕಡೆ ನೋಡಿದೆ. ಆ ಹುಡುಗರಿಗೆ ಮೂರು ವಾರ. ನನ್ನ ಅವ್ವನನ್ನು ನಾನು ಕೂರಿಸಿದ್ದು ಒಂದು ವರ್ಷ.

ಮತ್ತೊಂದು ಅಧ್ಯಯನ 1990ರಲ್ಲಿ ಪ್ರಕಟವಾದದ್ದು. ಬಾಸ್ಟನ್‌ನ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಆರೈಕೆ ಕೇಂದ್ರದಲ್ಲಿದ್ದ, 86ರಿಂದ 96 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ತೂಕ ಎತ್ತುವ ವ್ಯಾಯಾಮ ಮಾಡಿಸಿದರು. ಪೂರ್ತಿ ಮುಗಿಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ತೊಂಬತ್ತರ ದೇಹಕ್ಕೂ ಕಲಿಯಲು ಬರುತ್ತದೆ. ಕಲಿಸುವವರು ಬೇಕು.

ಮಾತೂ ಬಾಣವಾಗಬಲ್ಲದು. ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ, ಒಹಾಯೊ ರಾಜ್ಯದ 50 ದಾಟಿದ 660 ಜನರ ಮಾಹಿತಿಯನ್ನು ಪರಿಶೀಲಿಸಿ ಪ್ರಕಟಿಸಿದರು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆಯಿದ್ದವರು, ಕೀಳು ಭಾವನೆಯಿದ್ದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಭಾವನೆಯೊಂದೇ ಆಯುಸ್ಸನ್ನು ನಿರ್ಧರಿಸುತ್ತದೆ ಎಂದು ಇದರ ಅರ್ಥವಲ್ಲ. ಆದರೂ "ಇನ್ನೇನು ಬಿಡು, ವಯಸ್ಸಾಯ್ತು" ಎನ್ನುವ ಮುನ್ನ ನಾಲಿಗೆ ಒಂದು ಕ್ಷಣ ತಡೆಯಲಿ.

ಭಗವಾನರು ಮೂರು ಮದಗಳನ್ನು ಹೇಳಿದ್ದಾರೆ: ಯೌವನ ಮದ, ಆರೋಗ್ಯ ಮದ, ಜೀವಿತ ಮದ. ಯೌವನ ಮದ ಎಂದರೆ ಮುದುಕರನ್ನು ಕಂಡು ಹೇಸುವುದು ಎಂದಷ್ಟೇ ತಿಳಿದಿದ್ದೆ. ನನ್ನ ಕರುಣೆಯ ಒಳಗೂ ಅದು ಅಡಗಿ ಕುಳಿತಿತ್ತು. "ನಾನು ಬಲ್ಲವನು, ನೀನು ಕೈಲಾಗದವಳು" ಎಂಬ ಕರುಣೆ ಅದು. ಅಂಥ ಕರುಣೆ ಮೆತ್ತಗಿರುತ್ತದೆ, ಆದರೆ ಮೂಳೆಯವರೆಗೆ ನಾಟುತ್ತದೆ. ಮುಪ್ಪೇ ಬಾರದಂತೆ ಮಾಡುತ್ತೇವೆ ಎಂದು ಮಾತ್ರೆ, ಪುಡಿ ಮಾರುವವರು ಒಂದು ತುದಿಯಲ್ಲಿದ್ದಾರೆ. ಮುಪ್ಪು ಬಂತು, ಇನ್ನು ಮುಗಿಯಿತು ಎಂದ ನಾನು ಇನ್ನೊಂದು ತುದಿಯಲ್ಲಿದ್ದೆ. ಮಧ್ಯಮ ಮಾರ್ಗ ಇಲ್ಲಿಯೂ ಇದೆ: ತಪ್ಪದ್ದನ್ನು ಒಪ್ಪುವುದು, ತಪ್ಪಿಸಬಹುದಾದ್ದನ್ನು ಹೇರದಿರುವುದು.

ಈಗ ಅವ್ವ ದಿನಾ ಬೆಳಿಗ್ಗೆ ಗೋಡೆ ಪಕ್ಕದ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುತ್ತಾಳೆ. ನಾನು ಎದುರಿಗೆ ನಿಂತು ಎಣಿಸುತ್ತೇನೆ. ಮೊದಲ ವಾರ ಮೂರಕ್ಕೇ ಸುಸ್ತಾಗುತ್ತಿದ್ದಳು. ಮೊನ್ನೆ ನಾನು ಸ್ನಾನಕ್ಕೆ ಹೋದಾಗ ತಾನೇ ಹಿತ್ತಲಿಗೆ ಹೋಗಿ ಕರಿಬೇವು ಕಿತ್ತು ತಂದಿದ್ದಳು. ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಅವ್ವನಿಗೆ ಮುಪ್ಪು ನಿಂತಿಲ್ಲ, ನನಗೂ ನಿಂತಿಲ್ಲ. ಒಂದು ದಿನ ಅವಳು ನಿಜವಾಗಿಯೂ ಏಳಲಾರಳು. ಅಂದು ಆನಂದರಂತೆ ಕೈಕಾಲು ನೀವಲು ನಾನಿರುತ್ತೇನೆ. ಆ ದಿನವನ್ನು ನಾನೇ ಮುಂಚಿತವಾಗಿ ಕರೆತರುವುದು ಬೇಡ.

ಇಂದಿನ ಅಭ್ಯಾಸ:

1. ಧ್ಯಾನಕ್ಕೆ ಕುಳಿತಾಗ ನಿಮ್ಮದೇ ಮಂಡಿ, ಬೆನ್ನು, ಕಣ್ಣುಗಳನ್ನು ಗಮನಿಸಿ. ಮುಪ್ಪು ಇಲ್ಲೇ ಇದೆ ಎಂದು ಭಯವಿಲ್ಲದೆ ಅರಿಯಿರಿ.

2. ಮನೆಯ ಹಿರಿಯರಿಂದ ನೀವು ಪ್ರೀತಿಯಿಂದಲೇ ಕಸಿದುಕೊಂಡಿರುವ ಒಂದು ಕೆಲಸವನ್ನು ಇಂದು ಹಿಂದಿರುಗಿಸಿ.

3. ಅವರು ಎದ್ದು ನಡೆಯುವಾಗ ಪಕ್ಕದಲ್ಲಿ ನಡೆಯಿರಿ. ಹೊಸ ವ್ಯಾಯಾಮವಾದರೆ ಮೊದಲು ವೈದ್ಯರನ್ನು ಕೇಳಿ.

ಎಲ್ಲ ಹಿರಿಯ ಜೀವಗಳೂ ಸುಖವಾಗಿರಲಿ.
ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.