ಮುಹೂರ್ತ ಮೀರಿದ ಪುತ್ತರಿ

ಪ್ರಶ್ನೆ: ನಾನು ಮೈಸೂರು ಕಡೆಯವಳು, ಕೊಡಗಿಗೆ ಸೊಸೆಯಾಗಿ ಹೋದವಳು. ಈಗ ಬೆಂಗಳೂರಿನಲ್ಲಿದ್ದೇವೆ. ಕಳೆದ ಪುತ್ತರಿಗೆ ಎಲ್ಲರೂ ಐನ್‌ಮನೆಯಲ್ಲಿ ಸೇರಿದ್ದೆವು. ಸಂಜೆ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಯಿತು, ರಸ್ತೆಯೂ ಬಂದ್ ಆಯಿತು. ಮನೆಯಲ್ಲಿ ಒಂದು ಸಣ್ಣ ಜನರೇಟರ್ ಇತ್ತು. ಅಷ್ಟರಲ್ಲಿ ತೋಟದ ಲೈನ್‌ಮನೆಯಿಂದ ಕೆಲಸದವರು ಓಡಿ ಬಂದರು. ಅವರ ಮಗುವಿಗೆ ದಮ್ಮು ಹೆಚ್ಚಾಗಿತ್ತು. ನನ್ನ ಮಗನಿಗೆಂದು ತಂದಿದ್ದ ನೆಬ್ಯುಲೈಸರ್ ಮತ್ತು ಜನರೇಟರ್ ಎರಡನ್ನೂ ಜೀಪಿನಲ್ಲಿ ಹಾಕಿ ನನ್ನ ಯಜಮಾನರನ್ನೂ ಮೈದುನನನ್ನೂ ಕಳಿಸಿದೆ. ಅವರು ಬರುವ ತನಕ ದೊಡ್ಡ ಮಾವ ಕಾದರು. ಕದಿರು ತೆಗೆಯುವ ಹೊತ್ತು ನಲವತ್ತು ನಿಮಿಷ ಮೀರಿತು. ಗದ್ದೆಗೆ ಹೋಗುವಾಗ ದೀಪ ಎರಡು ಸಲ ಆರಿತು, ಮೊಬೈಲ್ ಟಾರ್ಚ್ ಹಿಡಿದೆವು. ಜನವರಿಯಲ್ಲಿ ನಮ್ಮ ಮಾವ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಅಂದಿನಿಂದ ಮನೆಯಲ್ಲಿ, ನಾನು ಮುಹೂರ್ತ ತಪ್ಪಿಸಿದ್ದೇ ಇದಕ್ಕೆ ಕಾರಣ ಅನ್ನುವ ಮಾತು. ಮಗುವನ್ನೇ ಮನೆಗೆ ಕರೆಸಬಹುದಿತ್ತಲ್ಲ ಅಂತಾರೆ. ನಿಜವಾಗಿ ದೋಷ ಉಂಟೆ? ಪ್ರಾಯಶ್ಚಿತ್ತ ಏನು?
— ಒಬ್ಬ ಓದುಗರು, ಬೆಂಗಳೂರು

ಉತ್ತರ: ತಾಯಿ, ನಿಮ್ಮ ಪತ್ರ ಓದಿ ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಇದರಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಬಿಡಿಸಿಕೊಂಡೇ ನೋಡಬೇಕು.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಕೊಡಗಿನವನಲ್ಲ. ಕೊಡವರ ಮನೆಯ ಆಚರಣೆಗೆ ಪುರೋಹಿತರ ಗ್ರಂಥ ಆಧಾರವಲ್ಲ. ಅಲ್ಲಿ ಒಕ್ಕದ ಹಿರಿಯರು, ಗುರುಕಾರೋಣರ ನೆನಪು, ನಡೆದು ಬಂದ ಕಟ್ಟುಪಾಡು, ಇವೇ ಪ್ರಮಾಣ. ಆದ್ದರಿಂದ ಶಾಸ್ತ್ರ ಹೀಗನ್ನುತ್ತೆ ಅಂತ ನಿಮ್ಮ ದೊಡ್ಡ ಮಾವನ ಮೇಲೆ ಹೇರುವ ಅಧಿಕಾರ ನನಗಿಲ್ಲ. ನಮ್ಮ ಕಡೆ ಇಂಥ ಸಂದರ್ಭಕ್ಕೆ ಏನು ದಾರಿ ಇದೆ ಅಂತ ಹೇಳಬಲ್ಲೆ, ಅಷ್ಟೆ.

ಕೊಡಗಿನ ಹೊರಗಿನ ಓದುಗರಿಗಾಗಿ: ಪುತ್ತರಿ ಅಂದರೆ ಪುದಿಯ ಅರಿ, ಹೊಸ ಅಕ್ಕಿ. ಕನ್ನಡದಲ್ಲಿ ಹುತ್ತರಿ ಅಂತಲೂ ಬರೆಯುತ್ತೇವೆ. ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ, ರೋಹಿಣಿ ನಕ್ಷತ್ರ ನೋಡಿ, ಹುಣ್ಣಿಮೆಯ ಆಸುಪಾಸಿನಲ್ಲಿ ಬರುತ್ತದೆ. ಕಕ್ಕಬ್ಬೆ ಹತ್ತಿರದ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಹೊತ್ತು ಗೊತ್ತುಮಾಡುತ್ತಾರೆ. ನೆರೆ ಕಟ್ಟುವುದಕ್ಕೆ ಒಂದು, ಕದಿರು ತೆಗೆಯುವುದಕ್ಕೆ ಒಂದು, ಊಟಕ್ಕೆ ಒಂದು. ರಾತ್ರಿ ದೀಪ ಹಿಡಿದು ಗದ್ದೆಗೆ ಹೋಗಿ, ಗುಂಡು ಹಾರಿಸಿ, ‘ಪೊಲಿ ಪೊಲಿ ದೇವಾ’ ಅಂತ ಕೂಗುತ್ತಾ ಕದಿರು ಕೊಯ್ದು ತಂದು ಮನೆಯಲ್ಲಿ ಕಟ್ಟುತ್ತಾರೆ. ಆಮೇಲೆ ತಂಬಿಟ್ಟು, ಪಾಯಸ, ಪುತ್ತರಿ ಗೆಣಸು.

ಈಗ ಹೊತ್ತಿನ ವಿಷಯ. ಧರ್ಮಶಾಸ್ತ್ರದಲ್ಲಿ ಮುಖ್ಯಕಾಲ, ಗೌಣಕಾಲ ಎಂದು ಎರಡು ಮಾತಿವೆ. ಮುಖ್ಯಕಾಲದಲ್ಲಿ ಮಾಡಬೇಕು, ತಕ್ಕ ಕಾರಣಕ್ಕೆ ಆಗದಿದ್ದರೆ ಗೌಣಕಾಲದಲ್ಲಿ ಮಾಡಿದರೂ ಆ ಕರ್ಮ ಆಗುತ್ತದೆ. ನಿಮಗೆ ಗೊತ್ತಿರುವ ಉದಾಹರಣೆ ಸಂಧ್ಯಾವಂದನೆ. ಹೊತ್ತು ಮೀರಿದರೆ ಏನು ಮಾಡುತ್ತಾರೆ? ಒಂದು ಅರ್ಘ್ಯ ಹೆಚ್ಚಿಗೆ ಕೊಡುತ್ತಾರೆ. ಒಂದು ಬೊಗಸೆ ನೀರು! ಹಿಂದಿನವರು ಮನುಷ್ಯನಿಗೆ ತಡವಾಗುತ್ತೆ ಅಂತ ತಿಳಿದೇ ಇಷ್ಟು ಹಗುರವಾದ ಪರಿಹಾರ ಇಟ್ಟರು. ಯಾವ ಪೂಜೆಯ ಸಂಕಲ್ಪದಲ್ಲೂ ಯಥಾಶಕ್ತಿ ಅನ್ನುವ ಮಾತು ಬರುತ್ತೆ, ಕೊನೆಗೆ ಲೋಪಕ್ಕೆ ಕ್ಷಮೆ ಕೇಳುವುದೂ ಇದ್ದೇ ಇದೆ. ಕೊರತೆ ಬೇರೆ, ದೋಷ ಬೇರೆ. ನಿಮ್ಮಲ್ಲಿ ಆದದ್ದು ಕೊರತೆ. ಸೋಮಾರಿತನದಿಂದ, ಕಾರ್ಡ್ಸ್ ಆಡುತ್ತಾ ಕೂತು ಹೊತ್ತು ಕಳೆದಿದ್ದರೆ ನಾನು ಬೇರೆ ಮಾತು ಆಡುತ್ತಿದ್ದೆ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ನಿಮ್ಮ ಮನೆಯವರು ಬೇಜಾರು ಮಾಡಿಕೊಳ್ಳಬಾರದು. ಹೊತ್ತು ಮೀರಿದ್ದು ನೀವು ಜನರೇಟರ್ ಕಳಿಸಿದ್ದರಿಂದಲ್ಲ, ದೊಡ್ಡ ಮಾವ ಕಾದದ್ದರಿಂದ. ಇದ್ದವರೇ ದೀಪ ಹಿಡಿದು ಹೋಗಿ ಹೊತ್ತಿಗೆ ಸರಿಯಾಗಿ ಕದಿರು ತೆಗೆದಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಕದಿರು ಕೊಯ್ಯಲು ಬೇಕಾದ್ದು ಕುಡುಗೋಲು, ಜನರೇಟರ್ ಅಲ್ಲ. ಆದರೂ ಅವರು ಕಾದರು. ಯಾಕೆ? ಒಕ್ಕದ ಇಬ್ಬರು ಹುಡುಗರು ಹೊರಗಿದ್ದಾರೆ, ಒಂದು ಮಗು ಉಸಿರಿಗೆ ಒದ್ದಾಡುತ್ತಿದೆ, ಆಗ ಪೊಲಿ ಪೊಲಿ ಅಂತ ಕೂಗಲು ಅವರಿಗೆ ಬಾಯಿ ಬರಲಿಲ್ಲವೇನೋ. ಅವರನ್ನೇ ಕೇಳಿ ನೋಡಿ. ನಿಮ್ಮ ಮೇಲೆ ಹೊರಿಸಿರುವ ತಪ್ಪನ್ನು ಅವರು ಒಂದೇ ಮಾತಿನಲ್ಲಿ ಇಳಿಸಬಲ್ಲರು. ಹಿರಿಯರು ಸುಮ್ಮನಿದ್ದರೆ ಸೊಸೆಯಂದಿರ ಮೇಲೆ ಮಾತು ಬೆಳೆಯುತ್ತೆ. ಇದು ಕೊಡಗಿಗೆ ಮಾತ್ರ ಸೇರಿದ್ದಲ್ಲ.

ಮಗುವನ್ನು ಮನೆಗೇ ತರಬಹುದಿತ್ತು ಅನ್ನುವವರಿಗೆ ನನ್ನದೊಂದು ಪ್ರಶ್ನೆ. ತಂದಿದ್ದರೆ, ಆ ರಾತ್ರಿ, ದೀಪ ಹಚ್ಚಿಟ್ಟ ನೆಲ್ಲಕ್ಕಿ ನಡುಬಾಡೆಯಲ್ಲಿ ಆ ತಾಯಿ ಮಗುವನ್ನು ಕೂರಿಸಿಕೊಳ್ಳುತ್ತಿದ್ದರೇ? ಕೂರಿಸುತ್ತಿದ್ದೆವು ಅಂದರೆ ಬಹಳ ಸಂತೋಷ, ಅದೇ ಹೆಚ್ಚಿನ ದಾರಿಯಾಗಿತ್ತು. ಹಿಂದೆಮುಂದೆ ನೋಡುತ್ತಿದ್ದರೆ, ನೀವು ಮಾಡಿದ್ದೇ ಸರಿ. ಹೊಸ ಅಕ್ಕಿಯ ಹಬ್ಬದಲ್ಲಿ ನಾಟಿ ಮಾಡಿದ ಕೈ, ಕಳೆ ಕಿತ್ತ ಕೈ ಯಾರದು ಅನ್ನುವುದನ್ನು ನಾವು ಪೇಟೆಯವರು ಮರೆತೇಬಿಟ್ಟಿದ್ದೇವೆ. ನಮಗೆ ಅಕ್ಕಿ ಅಂದರೆ ಇಪ್ಪತ್ತೈದು ಕೆಜಿ ಚೀಲ.

ಮಾವನವರ ಮೂಳೆ ಮುರಿದ ವಿಷಯಕ್ಕೆ ಬರೋಣ. ಎರಡು ಘಟನೆ ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣ ಆಗೋಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಕುಸಿದು ಮನೆ, ಗದ್ದೆ, ತೋಟ ಮಣ್ಣುಪಾಲಾದವು. ಅವರೆಲ್ಲ ಹಿಂದಿನ ವರ್ಷ ಮುಹೂರ್ತ ತಪ್ಪಿಸಿದ್ದರು ಅಂತ ಅವರ ಎದುರು ನಿಂತು ಹೇಳುವ ಧೈರ್ಯ ಯಾರಿಗಿದೆ? ಹೇಳಲಾಗದ ಮಾತನ್ನು ಅಡುಗೆಮನೆಯಲ್ಲಿ ನಿಮಗೆ ಮಾತ್ರ ಹೇಳುವುದು ಹೇಗೆ ಸರಿ? ಅಲ್ಲದೆ ನಲವತ್ತು ನಿಮಿಷಕ್ಕೆ ಮುದುಕರ ಸೊಂಟ ಮುರಿಯುವವನು ಇಗ್ಗುತ್ತಪ್ಪ ಅಂತ ಹೇಳಿದರೆ ಅದು ದೇವರಿಗೆ ಮಾಡುವ ಅಪಚಾರ. ಬಚ್ಚಲಿಗೆ ಹಿಡಿಕೆ ಹಾಕಿಸಿ, ಜಾರದ ಮ್ಯಾಟ್ ಹಾಕಿ. ನಿಮ್ಮ ಮನೆಗೆ ತುರ್ತಾಗಿ ಬೇಕಾದ ಪ್ರಾಯಶ್ಚಿತ್ತ ಇದೇ!

ಇನ್ನು ದೀಪ ಆರಿದ್ದು. ಗಾಳಿ ಬಂದರೆ ದೀಪ ಆರುತ್ತದೆ, ಮತ್ತೆ ಹಚ್ಚಬೇಕು. ಅಪಶಕುನ ಅಂತ ಎಣಿಸಬೇಡಿ. ಟಾರ್ಚ್ ಕಾಲಿಗೆ, ದೀಪ ದೇವರಿಗೆ. ಒದ್ದೆ ಗದ್ದೆಯ ಬದುವಿನ ಮೇಲೆ ವಯಸ್ಸಾದವರು ನಡೆಯುವಾಗ, ಹಾವು ಹುಳ ಇರುವ ಕಡೆ, ಟಾರ್ಚ್ ಬೇಡ ಅನ್ನುವುದು ಭಕ್ತಿಯಲ್ಲ. ಆದರೆ ಟಾರ್ಚ್ ಇದೆ ಅಂತ ದೀಪ ಬಿಡುವುದೂ ಬೇಡ. ತಳಿಯಲ್ಲಿ ಅಕ್ಕಿ ಹಾಕಿ ದೀಪ ಇಟ್ಟು ಹೆಂಗಸರು ಹಿಡಿಯುತ್ತಾರಲ್ಲ, ಆ ಬೆಳಕು ದಾರಿ ತೋರಿಸಲಿಕ್ಕೆ ಮಾತ್ರ ಇರುವುದಲ್ಲ. ಅದು ಸಾಕ್ಷಿ.

ಕರೆಂಟು ಹೋದರೆ ಹಬ್ಬ ಕೆಟ್ಟಿತು ಅಂತ ಹಲವರು ಪ್ರತಿವರ್ಷ ಬರೆಯುತ್ತಾರೆ. ಅವರಿಗೂ ಇಲ್ಲೇ ಹೇಳುತ್ತೇನೆ. ತಲಕಾವೇರಿಯಲ್ಲಿ ಹುಟ್ಟಿದ ನೀರಿನಿಂದಲೇ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಬೆಂಗಳೂರಿನ ಬೀದಿಗೆ ಅದು ಬಂದದ್ದು 1905ರಲ್ಲಿ. ಅದಕ್ಕೆ ಮೊದಲಿನ ಎಲ್ಲ ಪುತ್ತರಿಗಳೂ ದೀಪ, ಸೂಟೆ, ಬೆಳದಿಂಗಳಲ್ಲಿ ನಡೆದವು. ಹಬ್ಬವನ್ನು ಹುಣ್ಣಿಮೆಯ ಹತ್ತಿರ ಇಟ್ಟಿದ್ದಾರೆ ನೋಡಿ, ಗದ್ದೆಗೆ ನಡೆಯುವವರ ಕಾಲಿನ ಚಿಂತೆಯೂ ಅದರಲ್ಲಿ ಇದ್ದಿರಬೇಕು ಅಂತ ನನ್ನ ಊಹೆ. ಕಾಫಿತೋಟದ ಮರಗಳ ನಡುವೆ ಹಾದು ಬರುವ ತಂತಿ ಒಂದು ಕೊಂಬೆ ಬಿದ್ದರೆ ಸಾಕು, ಹೋಗುತ್ತೆ. ಹಬ್ಬದ ವಾರ ಮೊದಲೇ ಕೊಂಬೆ ಕಡಿಸಿ, ಎರಡು ಲಾಟೀನು ಒರೆಸಿ ಎಣ್ಣೆ ಹಾಕಿಡಿ.

ಪ್ರಾಯಶ್ಚಿತ್ತಕ್ಕೆ ಯಾರೋ ಹೋಮ ಮಾಡಿಸಿ ಅಂದರೆ ದುಡ್ಡು ಖರ್ಚು ಮಾಡಬೇಡಿ. ಮನಸ್ಸಿಗೆ ಸಮಾಧಾನ ಬೇಕಾದರೆ ಒಂದು ದಿನ ಪಾಡಿಗೆ ಹೋಗಿ ಕೈಮುಗಿದು, ಹೊತ್ತು ಮೀರಿತು, ಕ್ಷಮಿಸು ಅನ್ನಿ. ಮನೆಯ ಕೈಮಡದಲ್ಲಿ ಹಿರಿಯರ ಮುಂದೆಯೂ ಒಂದು ದೀಪ ಇಡಿ. ಈ ವರ್ಷ ಪುತ್ತರಿಗೆ ಹೋಗಲೋ ಬೇಡವೋ ಅಂತ ಯೋಚನೆ ಬಂದಿದ್ದರೆ, ಹೋಗಿ. ಸಾಧ್ಯವಾದರೆ ದೀಪದ ತಳಿಯನ್ನು ನಿಮ್ಮ ಕೈಗೇ ಕೊಡುವಂತೆ ದೊಡ್ಡ ಮಾವನನ್ನು ಕೇಳಿಕೊಳ್ಳಿ. ಪಾಯಸ ಲೈನ್‌ಮನೆಗೂ ಹೋಗಲಿ, ಬಿಸಿ ಇರುವಾಗಲೇ.

ಎರಡು ಪುಟ ಬರೆದಿದ್ದೀರಿ, ಆದರೆ ಆ ಮಗು ಈಗ ಹೇಗಿದೆ ಅಂತ ಬರೆದಿಲ್ಲ. ಮುಂದಿನ ಪತ್ರದಲ್ಲಿ ತಿಳಿಸಿ.