ಊರಿನ ಗತಕಾಲ ಯಾರ ಸ್ವತ್ತು?

ಉಮರ್ಗಾ ತಾಲ್ಲೂಕಿನ ದಾಳಿಂಬದಂತಹ ಗಡಿಭಾಗದ ಗ್ರಾಮಗಳಲ್ಲಿ ಪ್ರಾಚೀನ ವಸ್ತುಗಳಿಗೆ ಕೊರತೆಯಿರದು. ತಾಮ್ರದ ಹಂಡೆ, ಅಳೆಯುವ ಸೇರು, ಕೆಂಪು ಬಟ್ಟೆಯಲ್ಲಿ ಸುತ್ತಿದ ಲೆಕ್ಕದ ವಹಿಗಳು ಎಷ್ಟೋ ಮನೆಗಳ ಅಟ್ಟದ ಮೇಲಿರುತ್ತವೆ. ಇವುಗಳನ್ನು ಒಂದೆಡೆ ಕೂಡಿಸಿ ಊರಿನ ಇತಿಹಾಸದ ಪ್ರದರ್ಶನ ಏರ್ಪಡಿಸಬೇಕೆಂದರೆ, ಹಿರಿಯರ ವಸ್ತುವನ್ನು ಪರರಿಗೆ ಕೊಡುವುದೆಂತು ಎಂಬ ಮಮತೆಯೇ ಮೊದಲು ಅಡ್ಡಬರುತ್ತದೆ.

ಇದೇ ಧಾರಾಶಿವ ಜಿಲ್ಲೆಯ ತೇರ್ ಗ್ರಾಮದ ನಿದರ್ಶನ ಇಲ್ಲಿ ಸ್ಮರಣೀಯ. ತೇರಣಾ ನದೀತೀರದ ಈ ಊರೇ ಪ್ರಾಚೀನ ತಗರ ನಗರವೆಂದು, ಕನ್ನಡ ಶಾಸನಗಳ ಸಂಪಾದಕರಾಗಿ ಪ್ರಸಿದ್ಧರಾದ ಜೆ. ಎಫ್. ಫ್ಲೀಟ್ 1901ರಲ್ಲಿ ನಿರ್ಣಯಿಸಿದರು. ಸುಮಾರು 2000 ವರ್ಷಗಳ ಹಿಂದಿನ ಗ್ರೀಕ್ ಗ್ರಂಥ ‘ಪೆರಿಪ್ಲಸ್’ ಹೇಳುವಂತೆ, ತಗರದ ನಯ-ಒರಟು ಅರಿವೆಗಳು ಗಾಡಿಗಳ ಮೇಲೆ ಭರೂಚ್ ಬಂದರಿಗೆ ಹೋಗುತ್ತಿದ್ದವು. ಆ ಊರಿನ ದಿವಂಗತ ರಾಮಲಿಂಗಪ್ಪ ಲಾಮತುರೆಯವರು ಅಲ್ಲಿ ದೊರೆತ ಮಣಿ, ನಾಣ್ಯ, ಮಣ್ಣಿನ ಗೊಂಬೆಗಳನ್ನು ಶ್ರದ್ಧೆಯಿಂದ ಕೂಡಿಸಿದರು. ಅವುಗಳಲ್ಲಿನ ದಂತದ ಸ್ತ್ರೀಮೂರ್ತಿಯನ್ನು, ಇಟಲಿಯ ಪಾಂಪೇಯಲ್ಲಿ 1938ರಲ್ಲಿ ದೊರೆತ ಭಾರತೀಯ ದಂತಮೂರ್ತಿಯೊಡನೆ ವಿದ್ವಾಂಸರು ಹೋಲಿಸುತ್ತಾರೆ. ಪಾಂಪೇ ಬೂದಿಯಲ್ಲಿ ಹೂತುಹೋದದ್ದು ಕ್ರಿ.ಶ. 79ರಲ್ಲಿ! ಆ ಸಂಗ್ರಹವಿಂದು ಲಾಮತುರೆಯವರ ಹೆಸರಿನ ಸರಕಾರಿ ವಸ್ತುಸಂಗ್ರಹಾಲಯವಾಗಿ ತೇರಿನಲ್ಲಿಯೇ ಇದೆ.

ಇಷ್ಟೊಂದು ಕೂಡಿಹಾಕುವುದು ಪರಿಗ್ರಹವಲ್ಲವೇ ಎಂದು ಶ್ರಾವಕರು ಕೇಳಬಹುದು. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ಅಳೆಯುವುದು ಆಸಕ್ತಿಯಿಂದ. ವಸ್ತುಗಳ ಎಣಿಕೆ ಅಲ್ಲಿ ಗೌಣ. ಗೆದ್ದಲು ತಿನ್ನುತ್ತಿರುವ ಒಂದೇ ವಹಿಯನ್ನು ಯಾರಿಗೂ ತೋರಿಸದೆ ಕಾಯುವವನ ಪರಿಗ್ರಹವೇ ಹೆಚ್ಚಿನದು.

ವಹಿಯ ಮಾತು ಬಂದಾಗ ವ್ಯಾಪಾರಸ್ಥರು ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ. 1948ರ ಸೆಪ್ಟೆಂಬರ್‌ವರೆಗೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಕಾಗದ ಉರ್ದುವಿನಲ್ಲಿ, ಅಂಗಡಿಯ ಲೆಕ್ಕ ಹೆಚ್ಚಾಗಿ ಮೋಡಿಯಲ್ಲಿ, ಮನೆಯ ಮಾತು ಕನ್ನಡದಲ್ಲೋ ಮರಾಠಿಯಲ್ಲೋ ಇದ್ದ ಕಾಲಕ್ಕೆ ಇಂತಹ ವಹಿಗಿಂತ ಉತ್ತಮ ಸಾಕ್ಷಿ ಅಪರೂಪ. ಆದರೆ ಯಾರು ಸಾಲ ಪಡೆದರು, ಯಾರ ಹೊಲ ಒತ್ತೆ ಬಿದ್ದಿತು ಎಂಬುದೂ ಅದರಲ್ಲಿರುತ್ತದೆ. ಆ ಸಾಲಗಾರರ ಮೊಮ್ಮಕ್ಕಳೂ ಪ್ರದರ್ಶನ ನೋಡಲು ಬರುವವರೇ. ಪುಟ ತೆರೆದಿಟ್ಟರೆ ಅವರ ಮನಸ್ಸಿಗೆ ನೋವು. ಮುಚ್ಚಿಟ್ಟರೆ ಸಾಹುಕಾರರ ಪೇಟ-ಪಲ್ಲಕ್ಕಿಗಳೇ ಊರಿನ ಇತಿಹಾಸವೆಂದು ಮಕ್ಕಳು ತಿಳಿದಾರು. ಅಹಿಂಸೆ, ಸತ್ಯ ಎರಡೂ ವ್ರತಗಳೇ.

ಸಾಲ ಪಡೆದವರ ಹೆಸರನ್ನು ಕಾಗದದಿಂದ ಮರೆಮಾಡಿ, ಮೊತ್ತ, ವರ್ಷ, ಬಡ್ಡಿಯ ದರಗಳನ್ನು ತೋರಿಸಬಹುದು. ಸಾಲ ಕೊಟ್ಟವರ ಹೆಸರನ್ನು ಮಾತ್ರ ಮರೆಮಾಡತಕ್ಕದ್ದಲ್ಲ. ದರವನ್ನು ಓದುವಾಗ ಆ ಮನೆತನದವರಿಗೆ ತುಸು ಮುಜುಗರವಾದೀತು. ಅದನ್ನರಿತೂ ವಹಿಯನ್ನು ತಂದುಕೊಡುವ ಮನೆಯವರಿದ್ದರೆ, ಬಾಗಿಲ ಬಳಿಯ ಮೊದಲ ಗಾಜಿನ ಪೆಟ್ಟಿಗೆ ಅವರ ವಹಿಗೇ ಸಲ್ಲಬೇಕು.